ತಗಡಿನ ಅಂಚಿನಿಂದ ಮೂರು ಅಡಿ

ಮಾರ್ಚ್ ೧೯, ಬುಧವಾರ

ನನ್ನ ಬಟನ್ ಮಗಳೇ,

ಹೇಗಿದ್ದೀಯ? ನಿನಗೆ ಮೂವತ್ತೊಂದಾದರೂ ಈ ಹೆಸರು ಬಿಡುವವಳಲ್ಲ ನಾನು. ಮೂರನೇ ವಯಸ್ಸಿಗೆ ಗಿರಾಕಿಯ ಕೋಟಿನ ಗುಂಡಿ ನುಂಗಿ ಇಡೀ ಬೀದಿಯನ್ನು ಆಸ್ಪತ್ರೆಗೆ ಓಡಿಸಿದವಳು ನೀನು, ಅನುಭವಿಸು.

ನಿನ್ನ ಪತ್ರ ಬಂದು ಇವತ್ತಿಗೆ ಒಂಬತ್ತು ವಾರವಾಯಿತು. ಉತ್ತರವಿಲ್ಲದೆ ನೀನು ಏನೇನು ಅಂದುಕೊಂಡಿರುವೆಯೋ. ಕ್ಷಮಿಸಮ್ಮ. ಸೋಮಾರಿತನ ಅಲ್ಲ, ಕೋಪವಂತೂ ಖಂಡಿತ ಅಲ್ಲ. ನಾಲ್ಕೇ ಸಾಲು ಬರೆದಿದ್ದೆ ನೀನು. ‘ಏಪ್ರಿಲ್ ಮೊದಲ ವಾರ ರಜೆ ಸಿಗುತ್ತದೆ. ಬಂದರೆ ಹತ್ತು ದಿನ ಇರಬಹುದು. ಮಲಗಲು ಜಾಗ ಇರುತ್ತದೆಯೇ? ಇಲ್ಲದಿದ್ದರೆ ಪರವಾಗಿಲ್ಲ.’ ಕನ್ನಡಕ ಹಾಕಿಕೊಂಡು ಓದಿದೆ, ತೆಗೆದು ಓದಿದೆ. ‘ಇಲ್ಲದಿದ್ದರೆ ಪರವಾಗಿಲ್ಲ’ ಎನ್ನುವ ಆ ಎರಡು ಪದ ಹೇಗೆ ಓದಿದರೂ ಹಾಗೇ ಇದ್ದವು.

ಹುಟ್ಟಿದ ಮನೆಯಲ್ಲಿ ಜಾಗ ಇದೆಯೇ ಎಂದು ಮಗಳು ಕೇಳಬೇಕಾಗಿ ಬಂದರೆ ತಪ್ಪು ಮಗಳದ್ದಲ್ಲ. ಮೂರು ವರ್ಷದ ಹಿಂದೆ ನೀನು ಇದೇ ಮುಂದಿನ ಕೋಣೆಯಲ್ಲಿ ಚೀಲ ಹಿಡಿದು ನಿಂತು, ‘ಸ್ವಲ್ಪ ದಿನ ಇಲ್ಲೇ ಇರ್ತೀನಮ್ಮ’ ಅಂದೆ. ‘ಮೂರು ಹೊಲಿಗೆ ಮಿಷನ್ ಮಧ್ಯೆ ಎಲ್ಲಿ ಮಲಗ್ತೀಯ? ನಿನ್ನ ಮನೆಗೆ ಹೋಗು, ಎಲ್ಲಾ ಸರಿಹೋಗುತ್ತೆ’ ಎಂದು ಕಳಿಸಿದೆ ನಾನು. ಒಂದು ವರ್ಷ ಕಳೆದು ನೀನು ಗಂಡನ ಮನೆಯನ್ನು ಬಿಟ್ಟಾಗ ನನ್ನ ಬಾಗಿಲಿಗೆ ಬರಲಿಲ್ಲ. ಯಾರಿಗೂ ಹೇಳದೆ ದೂರದ ಊರಿಗೆ ಹೋಗಿ, ಡ್ರೈವಿಂಗ್ ಸ್ಕೂಲಿನಲ್ಲಿ ಕೆಲಸ ಹಿಡಿದು, ಈಗ ಮೀಸೆ ಬಂದ ಗಂಡಸರಿಗೆಲ್ಲ ಗೇರು ಹಾಕುವುದನ್ನು ಕಲಿಸುತ್ತಿದ್ದೀಯಂತೆ. ಹೊಲಿಗೆಗೆ ಬಟ್ಟೆ ಹಾಕಲು ಬರುವವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ.

ಅದಕ್ಕೇ ಈ ಸಲ ಬಾಯಿಮಾತಿನ ಉತ್ತರ ಬೇಡ ಎಂದು ತೀರ್ಮಾನಿಸಿದೆ. ಮೊದಲು ಮುಂದಿನ ಕೋಣೆ ಖಾಲಿಯಾಗಬೇಕು, ಆಮೇಲೆ ಪತ್ರ. ಮೂರು ಮಿಷನ್, ಕತ್ತರಿಸುವ ಮೇಜು, ಬಟ್ಟೆಯ ಕಪಾಟು, ಆ ತಲೆಯಿಲ್ಲದ ಗೊಂಬೆ, ಇಷ್ಟೂ ಹೋಗಬೇಕಾದರೆ ಹಿತ್ತಲಲ್ಲಿ ಒಂದು ಶೆಡ್ಡು ಏಳಬೇಕು. ಏಪ್ರಿಲ್ ಒಳಗೆ ಏಳಬೇಕು.

ನಿನ್ನ ವೆಲ್ಡಿಂಗ್ ಮಾವನನ್ನು ಕರೆಸಿದೆ. ನನ್ನ ತಮ್ಮ ಎಂದು ಹೇಳುತ್ತಿಲ್ಲ, ಕಬ್ಬಿಣದ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಬುದ್ಧಿಯ ವಿಷಯ ಕೇಳಬೇಡ. ಹಿತ್ತಲು ನೋಡಿದವನೇ, ‘ಮಿಷನ್ನೆಲ್ಲಾ ಯಾಕಕ್ಕ ಎಳೆದಾಡ್ತೀಯ? ಶೆಡ್ಡಲ್ಲೇ ಒಂದು ಮಂಚ ಹಾಕಿದ್ರೆ ಅವಳು ಆರಾಮಾಗಿ ಮಲಗ್ತಾಳೆ’ ಅಂದ. ನನ್ನ ಕೈಯಲ್ಲಿ ಕತ್ತರಿ ಇತ್ತು, ಅವನ ಪುಣ್ಯ, ಕೆಳಗಿಟ್ಟೆ. ‘ನನ್ನ ಮಗಳು ತಗಡಿನ ಕೆಳಗೆ ಮಲಗೋದು, ಮಿಷನ್ ಮನೆಯೊಳಗೆ ಮಲಗೋದಾ? ಮಿಷನ್ ಹೊರಗೆ, ಮಗಳು ಒಳಗೆ. ಇದೊಂದು ಬಿಟ್ಟು ಬೇರೆ ಮಾತು ನನ್ನ ಹತ್ರ ಆಡ್ಬೇಡ’ ಅಂದೆ. ‘ಆಯ್ತು ಮಾರಾಯ್ತಿ’ ಎಂದು ಕೈ ಮುಗಿದ.

ಆಮೇಲೆ ನಗರಸಭೆಗೆ ಹೋದೆ. ‘ಹಿತ್ತಲಿನ ಶೆಡ್ಡಿಗೆಲ್ಲಾ ಯಾರಕ್ಕ ಕೇಳಕ್ಕೆ ಹೋಗ್ತಾರೆ’ ಎಂದು ನಿನ್ನ ಮಾವ ನಕ್ಕ. ಯಾರಾದರೂ ಬಂದು ಕೀಳಿಸಿಬಿಟ್ಟರೆ ನೀನು ಬರುವ ದಿನ ನಾನು ಮತ್ತೆ ಮಿಷನ್ ಮಧ್ಯೆ ನಿಂತಿರಬೇಕಲ್ಲ, ಆ ಭಯ ನನಗೆ. ಕಟ್ಟಡ ವಿಭಾಗದ ಕೌಂಟರಿನಲ್ಲಿ ಕೂತ ಹುಡುಗಿ ಒಳ್ಳೆಯವಳು. ನಾಲ್ಕು ಹಾಳೆಯ ನಿಯಮಪಟ್ಟಿ ಕೊಟ್ಟು, ಪೆನ್ಸಿಲಿನಲ್ಲಿ ಗೆರೆ ಎಳೆದು ಹೇಳಿದಳು. ‘ಇಷ್ಟು ಚಿಕ್ಕ ಶೆಡ್ಡಿಗೆ ನಕ್ಷೆ ಬೇಡ ಆಂಟಿ. ಆದ್ರೆ ಹಿಂದಿನ ಗೋಡೆಯಿಂದ ಮೂರಡಿ ಬಿಡ್ಬೇಕು. ಮನೆಗೂ ಶೆಡ್ಡಿಗೂ ಮಧ್ಯೆ ಆರಡಿ. ಮಳೆನೀರು ಪಕ್ಕದವರ ಕಡೆಗೆ ಬೀಳ್ಬಾರ್ದು. ಮನೆಯವರೇ ಹೊಲಿದ್ರೆ ಪರವಾಗಿಲ್ಲ, ಬೋರ್ಡ್ ಹಾಕೋ ಹಾಗಿಲ್ಲ. ಅಲ್ಲಿ ಅಡುಗೆ ಮಾಡೋ ಹಾಗಿಲ್ಲ, ಯಾರೂ ಮಲಗೋ ಹಾಗಿಲ್ಲ.’ ಈ ಕೊನೆಯದನ್ನು ನಿನ್ನ ಮಾವನಿಗೆ ಎರಡು ಸಲ ಓದಿ ಹೇಳಿದೆ.

ಅಲ್ಲೇ ಇನ್ನೊಂದು ಮಾತೂ ಕೇಳಿದೆ. ನೀನು ನಾಳೆ ಕಾರಿನಲ್ಲಿ ಬಂದರೆ ನಿಲ್ಲಿಸಲು ಮನೆ ಪಕ್ಕದಲ್ಲಿ ಒಂದು ಚಪ್ಪರ ಹಾಕಬಹುದೇ ಎಂದು. ‘ಹಾಕ್ಬಹುದು, ಆದ್ರೆ ಮೂರು ಕಡೆ ತೆರೆದಿರ್ಬೇಕು. ಗೋಡೆ ಕಟ್ಟಿದ್ರೆ ಅದು ಕಾರಿನ ಚಪ್ಪರ ಅಲ್ಲ, ರೂಮು’ ಅಂದಳು. ‘ಕಾರು ಯಾವುದು ಆಂಟಿ?’ ಎಂದೂ ಕೇಳಿದಳು. ‘ಇನ್ನೂ ತಗೊಂಡಿಲ್ಲಮ್ಮ’ ಅಂದೆ. ಹಿಂದೆ ಸಾಲಿನಲ್ಲಿ ನಿಂತವರು ನಕ್ಕರು. ನಗಲಿ ಬಿಡು.

ಹದಿನೆಂಟು ಅಡಿ ಹಿತ್ತಲು. ಆರು, ಮೂರು ಬಿಟ್ಟರೆ ನಮಗೆ ಉಳಿಯುವುದು ಒಂಬತ್ತು. ಎಂಟೂವರೆ ಅಡಿಯ ಮೇಜು ಅಡ್ಡಕ್ಕೆ ಸರಿಯಾಗಿ ಕೂರುತ್ತದೆ. ಮಾವನ ಉಕ್ಕಿನ ಟೇಪನ್ನು ಪಕ್ಕಕ್ಕಿಟ್ಟು ನನ್ನ ಕೊರಳಿನ ಟೇಪಿನಲ್ಲೇ ಅಳೆದೆ. ಮೂವತ್ತೆರಡು ವರ್ಷದಿಂದ ಆ ಟೇಪು ನನಗೆ ಮೋಸ ಮಾಡಿಲ್ಲ. ಗೋಡೆಯಿಂದ ಮೂರಡಿಗೆ ಸುಣ್ಣದ ಗೆರೆ ಹಾಕಿದೆ, ಗೆರೆಯ ಮೇಲೆ ಕಂಬ ನಿಲ್ಲಿಸಿದ ನಿನ್ನ ಮಾವ. ತಗಡು ಹೊದಿಸುವಾಗ ಹಿಂಬದಿಗೆ ಒಂಬತ್ತು ಇಂಚು ಆಚೆ ಚಾಚಲು ಹೇಳಿದೆ, ಎರಚಲು ಮಳೆಗೆ. ಹದಿನಾಲ್ಕು ದಿನದಲ್ಲಿ ಶೆಡ್ಡು ನಿಂತಿತು. ಹಸಿರು ಬಣ್ಣ ಬಳಿದೆವು. ನಿಜ ಹೇಳುತ್ತೇನೆ, ನನ್ನ ಮದುವೆಯ ದಿನವೂ ನಾನು ಅಷ್ಟು ಖುಷಿಯಾಗಿರಲಿಲ್ಲ.

ಹದಿನೇಳನೇ ದಿನ ಬಾಗಿಲಿಗೆ ನೋಟೀಸು ಅಂಟಿತ್ತು.

ದೂರು ಕೊಟ್ಟವರು ಹಿಂದಿನ ಮನೆಯ ಮೀಟರ್ ತಾತ. ಗೊತ್ತಲ್ಲ, ಜೀವನವಿಡೀ ಮನೆಮನೆಯ ಕರೆಂಟ್ ಮೀಟರ್ ಓದಿದ ಮನುಷ್ಯ, ನಿವೃತ್ತಿಯಾದ ಮೇಲೆ ಓದಲು ಏನೂ ಸಿಗದೆ ನಮ್ಮ ಹಿತ್ತಲು ಓದುತ್ತಾರೆ. ಅವರ ಮೇಲೆ ರೇಗಿಕೊಂಡು, ನಿಯಮಪಟ್ಟಿ ಕೈಯಲ್ಲಿ ಹಿಡಿದು, ನಗರಸಭೆಯ ಅಳತೆ ಸಾಹೇಬರಿಗೆ ಕಾದು ನಿಂತೆ. ತೆಳ್ಳನೆಯ, ಕೆಮ್ಮುವ ಮನುಷ್ಯ. ಕಂಬದ ಹತ್ತಿರ ಹೋಗಲೇ ಇಲ್ಲ ಅವರು. ತಗಡಿನ ಅಂಚಿಗೆ ದಾರ ಕಟ್ಟಿದ ಗುಂಡು ಇಳಿಬಿಟ್ಟು, ಗುಂಡು ನೆಲ ಮುಟ್ಟಿದ ಕಡೆಯಿಂದ ಗೋಡೆಗೆ ಅಳೆದರು.

‘ಎರಡಡಿ ಮೂರು ಇಂಚು. ಒಂಬತ್ತು ಇಂಚು ಕಮ್ಮಿ ಇದೆಯಮ್ಮ.’

‘ಕಂಬದಿಂದ ಅಳೀರಿ ಸಾರ್! ಅಂಚು ಮಾರ್ಜಿನ್ನು, ಅದನ್ನ ಯಾರಾದ್ರೂ ಅಳತೆಗೆ ಹಿಡೀತಾರಾ?’

ಸಾಹೇಬರು ಕೆಮ್ಮು ನಿಲ್ಲಿಸಿ ನನ್ನನ್ನೂ ನನ್ನ ಕೊರಳಿನ ಟೇಪನ್ನೂ ನೋಡಿದರು. ‘ನೀವು ಬಟ್ಟೆ ಹೊಲಿಯೋರಾ? ಬಟ್ಟೆಗೆ ಹೊಲಿಗೆವರೆಗೆ ಅಳತೆ, ಮಾರ್ಜಿನ್ ಒಳಗೆ ಮಡಚಿಹೋಗುತ್ತೆ. ತಗಡು ಎಲ್ಲಮ್ಮ ಮಡಚಿಹೋಗುತ್ತೆ? ನಮ್ಮಲ್ಲಿ ಅಳತೆ ಶುರುವಾಗೋದೇ ಅಂಚಿಂದ’ ಅಂದರು.

ನೋಡಿದೆಯಾ ನನ್ನ ಜಾಣತನ! ಊರಲ್ಲಿ ಯಾರೂ ಮಾಡದ ತಪ್ಪು. ಸಾವಿರಾರು ಮೈಗಳ ಅಳತೆ ತೆಗೆದ ಕೈ, ಶೆಡ್ಡನ್ನೂ ಮೈ ಎಂದುಕೊಂಡು ಹೊಲಿಗೆಯ ಗೆರೆಗೆ ಕಂಬ ನೆಟ್ಟಿತ್ತು. ಮೀಟರ್ ತಾತ ಗೋಡೆಯಾಚೆ ಕುರ್ಚಿ ಹತ್ತಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ನಿಯಮಪಟ್ಟಿ ಮಡಚಿಟ್ಟೆ.

ಮೂವತ್ತು ದಿನದೊಳಗೆ ಸರಿಪಡಿಸಬೇಕು, ಇಲ್ಲದಿದ್ದರೆ ಅವರೇ ಬಂದು ಕೀಳುತ್ತಾರೆ. ಮನೆಯ ಕಡೆಗೆ ಸರಿಸೋಣ ಎಂದರೆ ಆ ಆರಡಿಯಲ್ಲಿ ಅರ್ಧ ಇಂಚೂ ಉಳಿಸಿರಲಿಲ್ಲ ನಾನು. ತಗಡನ್ನು ಕತ್ತರಿಸಿದರೆ ಮಳೆ ನೇರ ಶೆಡ್ಡಿನ ಗೋಡೆಗೆ ಬಡಿದು ಒಳಗಿನ ಮಿಷನ್ ತುಕ್ಕು ಹಿಡಿಯುತ್ತದೆ. ಅತ್ತ ದರಿ, ಇತ್ತ ಪುಲಿ. ‘ಒಂದು ದಾರಿ ಇದೆ’ ಎಂದರು ಸಾಹೇಬರು. ‘ಹಿಂದಿನ ಮನೆಯವರು ತಮ್ಮ ಅಭ್ಯಂತರ ಇಲ್ಲ ಅಂತ ಬರೆದು ಸಹಿ ಹಾಕಿಕೊಟ್ರೆ ಒಂದಡಿವರೆಗೆ ವಿನಾಯಿತಿ ಕೊಡಬಹುದು.’

ಹಿಂದಿನ ಮನೆಯವರು ಯಾರು? ದೂರು ಕೊಟ್ಟ ಮಹಾನುಭಾವರೇ!

(ಇಲ್ಲಿ ಎದ್ದು ಹೋಗಿದ್ದೆ. ಶಾಲೆಯ ಟೀಚರು ಲಂಗದ ಸೊಂಟ ಬಿಡಿಸಿಕೊಳ್ಳಲು ಬಂದಿದ್ದರು. ಪ್ರತಿ ವರ್ಷ ಒಂದಿಂಚು ಬಿಡಿಸುತ್ತಾರೆ, ಪ್ರತಿ ವರ್ಷ ಬಟ್ಟೆ ಕುಗ್ಗಿತು ಅನ್ನುತ್ತಾರೆ.)

ಹೋದೆ ಕಣೇ. ನಿನಗೋಸ್ಕರ ಯಾರ ಬಾಗಿಲಿಗಾದರೂ ಹೋಗುತ್ತೇನೆ ಎಂದುಕೊಂಡು ಹೋದೆ. ತಾತ ಕೂರಿಸಿದರು, ನೀರು ಕೊಟ್ಟರು, ಕಾಗದ ಓದಿದರು. ಪೆನ್ನಿನ ಮುಚ್ಚಳವನ್ನೂ ತೆಗೆದರು. ‘ನನಗೇನು ನಿಮ್ಮ ಮೇಲೆ ದ್ವೇಷವಾ ಟೈಲರಮ್ಮ? ನಿಯಮ ನಿಯಮವೇ, ಅಷ್ಟೆ. ಮಗಳು ಬರ್ತಾಳಂತೆ? ಒಬ್ಬಳೇನಾ? ಗಂಡನ ಜೊತೆ ರಾಜಿ ಆಗ್ಲಿಲ್ವಾ?’ ಎಂದರು. ನಾನು ಲೋಟದ ನೀರು ಕುಡಿದೆ. ಸಹಿ ಬೀಳಲಿ ಎಂದು ಸುಮ್ಮನಿದ್ದೆ. ಅವರು ಪೆನ್ನನ್ನು ಕಾಗದಕ್ಕೆ ಒತ್ತಿ ಮತ್ತೆ ತಲೆಯೆತ್ತಿದರು. ‘ಅವಳು ಸ್ವಲ್ಪ ಸಹಿಸ್ಕೊಂಡು ಹೋಗ್ಬೇಕಿತ್ತು. ನಿಮ್ಮದೇನೂ ತಪ್ಪಿಲ್ಲ ಬಿಡಿ. ಅವತ್ತು ಅವಳು ಚೀಲ ಹಿಡ್ಕೊಂಡು ಬಂದಾಗ ನೀವು ಬುದ್ಧಿ ಹೇಳಿ ವಾಪಸ್ ಕಳಿಸಿದ್ದನ್ನ ಬೀದೀಲಿ ಹೋಗ್ತಿದ್ದ ನಾನು ನಿಮ್ಮ ಕಿಟಕಿಯಿಂದ ನೋಡಿದೀನಿ. ತಾಯಿ ಅಂದ್ರೆ ಹಾಗಿರ್ಬೇಕು. ಮೆಚ್ಚಿದೆ ನಿಮ್ಮನ್ನ.’

ಜೀವಮಾನದಲ್ಲಿ ನನ್ನನ್ನು ಬೈದವರು ಬೇಕಾದಷ್ಟು ಜನ. ಯಾರ ಬೈಗುಳವೂ ಆ ಹೊಗಳಿಕೆಯಷ್ಟು ನೋಯಿಸಿರಲಿಲ್ಲ. ಅವರ ಪೆನ್ನಿನ ಕೆಳಗಿನಿಂದ ಕಾಗದ ಎಳೆದುಕೊಂಡೆ, ಅರ್ಧ ಅಕ್ಷರ ಬಿದ್ದಿತ್ತು, ಗೀಟು ಉದ್ದಕ್ಕೆ ಹರಿಯಿತು. ‘ನಾನು ಅವತ್ತು ಮಾಡಿದ್ದು ತಪ್ಪು ಯಜಮಾನ್ರೇ. ಆ ತಪ್ಪಿಗೆ ನಿಮ್ಮ ಮೆಚ್ಚುಗೆ ಬೇಡ. ನನ್ನ ಶೆಡ್ಡಿಗೆ ನಿಮ್ಮ ಸಹಿನೂ ಬೇಡ’ ಅಂದೆ. ಚಪ್ಪಲಿ ಅದಲು ಬದಲು ಹಾಕಿಕೊಂಡು ಮನೆಗೆ ಬಂದೆ.

ವಿಷಯ ಕೇಳಿ ನಿನ್ನ ಮಾವ ತಲೆ ಚಚ್ಚಿಕೊಂಡ. ‘ಒಂದು ಸಹಿ ಅಕ್ಕಾ! ಇನ್ನೊಂದು ನಿಮಿಷ ಬಾಯಿ ಮುಚ್ಕೊಂಡು ಕೂತಿದ್ರೆ ಮುಗೀತಿತ್ತು!’

‘ಮೂರು ವರ್ಷ ಮುಚ್ಕೊಂಡು ಕೂತಿದ್ದೆ, ಸಾಕು’ ಅಂದೆ. ‘ಇಡೀ ಶೆಡ್ಡು ಬಿಚ್ಚು.’

‘ಬಿಚ್ಚಿ?’

‘ಬಿಚ್ಚಿ ಒಳಗೆ ಹಿಡಿದು ಮತ್ತೆ ಹೊಲಿಯೋದು. ದೊಗಲೆ ಅಂಗಿಯನ್ನ ಏನ್ಮಾಡ್ತೀವಿ?’

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಹದಿನಾಲ್ಕು ದಿನ ಕಟ್ಟಿದ್ದು ಎರಡು ದಿನದಲ್ಲಿ ನೆಲಕ್ಕೆ ಬಂತು. ಹಿಂದಿನ ಕಂಬಗಳನ್ನು ಕಿತ್ತು ಹತ್ತು ಇಂಚು ಈಚೆಗೆ ಹೊಸ ಗುಂಡಿ ತೋಡಿದೆವು. ತೋಡಿದ್ದು ನಾನೇ. ಅಡ್ಡಪಟ್ಟಿಗಳನ್ನೆಲ್ಲ ಅವನು ಕೊಯ್ದು ಮತ್ತೆ ಬೆಸೆದ. ‘ನಿಂಗೆ ವಯಸ್ಸಾಯ್ತು ಅಕ್ಕ, ಹಾರೆ ಕೊಡು’ ಅಂದಾಗಲೆಲ್ಲ ‘ನಿನ್ನ ಕೆಲಸ ನೋಡ್ಕೋ’ ಎಂದೆ. ಅಂಗೈಯಲ್ಲಿ ಗುಳ್ಳೆ ಎದ್ದು ನಾಲ್ಕು ದಿನ ಸೂಜಿಗೆ ದಾರ ಪೋಣಿಸಲಾಗಲಿಲ್ಲ.

ಶೆಡ್ಡು ಕಿರಿದಾದ ಮೇಲೆ ಮೇಜು ಒಳಗೆ ಹೋಗಲಿಲ್ಲ. ನಿಮ್ಮಪ್ಪ ಹಳೆಯ ಬಾಗಿಲಿನ ಹಲಗೆ ತಂದು, ಮೂರು ಭಾನುವಾರ ಕೂತು ಉಜ್ಜಿ ಮಾಡಿಕೊಟ್ಟ ಮೇಜು ಅದು. ಅದರ ತುದಿಯಲ್ಲಿ ಅವರು ಚಾಕುವಿನಿಂದ ಕೊರೆದ ತಾರೀಖು ಇದೆ. ನಿನ್ನ ಮಾವ ಗರಗಸ ಹಿಡಿದು, ‘ಆ ತುದಿ ಬೇಡ, ಈ ತುದಿ ಕೊಯ್ಯೋಣ’ ಅಂದ. ಈ ತುದಿಯಲ್ಲಿ ಕಾಲು ಅಂಚಿಗೇ ಇದೆ, ಕೊಯ್ದರೆ ಮೇಜು ನಿಲ್ಲುವುದಿಲ್ಲ. ತಾರೀಖಿನ ಮೇಲೆ ಒಮ್ಮೆ ಕೈಯಾಡಿಸಿದೆ. ಆಮೇಲೆ ಗರಗಸ ತೆಗೆದುಕೊಂಡು ಆ ತುದಿಯನ್ನು ನಾನೇ ಕೊಯ್ದೆ, ಹತ್ತು ಇಂಚು. ಅತ್ತುಬಿಟ್ಟೆ, ಸುಳ್ಳು ಹೇಳುವುದಿಲ್ಲ. ನಿಮ್ಮಪ್ಪ ಇದ್ದಿದ್ದರೆ ಬೇಗ ಕೊಯ್ಯೇ ಎಂದು ಅವರೇ ಇನ್ನೊಂದು ಕಡೆ ಹಿಡಿದುಕೊಳ್ಳುತ್ತಿದ್ದರು. ಮೂರು ವರ್ಷದ ಹಿಂದೆ ಇದ್ದಿದ್ದರೆ ನಿನ್ನನ್ನು ಕಳಿಸಲೂ ಬಿಡುತ್ತಿರಲಿಲ್ಲ.

ಮೊನ್ನೆ ಸೋಮವಾರ, ನೋಟೀಸು ಬಂದ ಇಪ್ಪತ್ತಾರನೇ ದಿನ, ಸಾಹೇಬರು ಮತ್ತೆ ಬಂದರು. ಗುಂಡು ಇಳಿಬಿಟ್ಟರು. ನಿನ್ನ ಮಾವ ಬೇರೆ ಕಡೆ ತಿರುಗಿ ನಿಂತಿದ್ದ.

‘ಮೂರಡಿ ಒಂದಿಂಚು. ಒಂದಿಂಚು ಯಾಕಮ್ಮ ಜಾಸ್ತಿ?’

‘ಒಗೆದ ಮೇಲೆ ಕುಗ್ಗಿದ್ರೆ ಅಂತ ಸಾರ್.’

ನಕ್ಕರು, ನಗುತ್ತಾ ಕೆಮ್ಮಿದರು. ಮನೆಯ ಕಡೆ ಆರಡಿ ನೋಡಿದರು, ನೀರು ನಮ್ಮ ಕಡೆಗೇ ಬರುವಂತೆ ಕಟ್ಟಿದ ಕೊಳವೆ ನೋಡಿದರು. ಒಳಗೆ ಬಗ್ಗಿ, ‘ಇಲ್ಲಿ ಯಾರಾದ್ರೂ ಮಲಗ್ತಾರಾ?’ ಎಂದರು. ‘ಮಿಷನ್ ಮಲಗುತ್ತೆ. ಮಲಗೋರಿಗೆ ಮನೆಯೊಳಗೆ ಜಾಗ ಇದೆ’ ಅಂದೆ. ಎಷ್ಟು ಜೋರಾಗಿ ಅಂದೆನೆಂದರೆ ಗೋಡೆಯಾಚೆ ಕುರ್ಚಿ ಕರ್ರೆಂದಿತು. ಸಾಹೇಬರು ಅಲ್ಲೇ ನಿಂತು ಸಹಿ ಹಾಕಿದರು. ಸೀಲು ಬಿದ್ದ ಪತ್ರ ಇವತ್ತು ಬೆಳಿಗ್ಗೆ ಕೈಗೆ ಬಂತು. ಅದರ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ, ನಿನ್ನ ಅಮ್ಮ ಬರೀ ಬಾಯಲ್ಲಿ ಹೇಳುತ್ತಿಲ್ಲ ಎಂದು ನಿನಗೆ ಗೊತ್ತಾಗಲಿ.

ಮುಂದಿನ ಕೋಣೆ ಈಗ ಖಾಲಿ. ಗೋಡೆಗೆ ತಿಳಿ ಹಳದಿ ಬಣ್ಣ. ಕಿಟಕಿಯ ಪಕ್ಕ ಮಂಚ, ಹೊಸ ಹಾಸಿಗೆ, ಪರದೆ ನನ್ನ ಕೈಯದೇ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದ್ದೇನೆ, ನೀನು ತೆಗೆದರೆ ಮಾತ್ರ ತೆಗೆಯುತ್ತದೆ. ಹತ್ತು ದಿನ ಇರು, ಹತ್ತು ವರ್ಷ ಇರು, ಕೆಲಸ ಬಿಟ್ಟು ಬಾ ಎಂದು ನಾನು ಹೇಳುವುದಿಲ್ಲ, ಆ ಕೆಲಸ ನಿನ್ನ ಕೈಹಿಡಿದಿದೆ. ಬಂದು ಹೋಗುವ ಕೋಣೆಯಾದರೂ ಅದು ನಿನ್ನದು. ನೀನು ಬಾರದಿದ್ದರೂ ಮಿಷನ್ ಮತ್ತೆ ಅಲ್ಲಿಗೆ ಬರುವುದಿಲ್ಲ. ಬೀದಿಯವರು ಏನು ಕೇಳುತ್ತಾರೋ ಕೇಳಲಿ, ಉತ್ತರ ಹೇಳಲು ನಾನಿದ್ದೇನೆ.

ಯಾವ ಬಸ್ಸು ಎಂದು ಬರೆ. ನಿಲ್ದಾಣಕ್ಕೆ ನಾನೇ ಬರುತ್ತೇನೆ. ಒಳ್ಳೆಯದಾಗಲಿ ನನ್ನ ಕಂದನಿಗೆ. ಮೈ ತುಂಬ ಆರೋಗ್ಯವಿರಲಿ, ಯಾರ ಎದುರೂ ತಲೆ ತಗ್ಗದಿರಲಿ, ಹಿಡಿದ ಸ್ಟೇರಿಂಗ್ ಗಟ್ಟಿಯಾಗಿರಲಿ.

ನಿನ್ನ
ಅಮ್ಮ

ತಾ.ಕ.: ಮರೆತು ಕೆಳಗೆ ಬರೆಯುತ್ತಿರುವುದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಮಿಷನ್ ಸಾಗಿಸುವಾಗ ಕಪಾಟಿನ ಹಿಂದೆ ಹಳೆಯ ಅಳತೆಯ ಪುಸ್ತಕ ಸಿಕ್ಕಿತು. ಅದರಲ್ಲಿ ನಿನ್ನ ಪುಟ ಇದೆ. ಮದುವೆಯ ಸಮಯದ ಅಳತೆ, ಅದರ ಕೆಳಗೆ ಎಂಟು ತಿಂಗಳಾದ ಮೇಲೆ ತೆಗೆದದ್ದು. ಎದೆಗೆ ಮೂರು ಇಂಚು ಇಳಿದಿದ್ದೆ, ಸೊಂಟಕ್ಕೆ ನಾಲ್ಕು. ಅದೆಲ್ಲ ನನ್ನ ಕೈಬರಹವೇ. ಅಳೆಯುವಾಗ ಟೇಪು ನಿನ್ನ ತೋಳಿಗೆ ತಾಗಿದ್ದಕ್ಕೇ ನೀನು ಕೈ ಹಿಂದಕ್ಕೆ ಎಳೆದುಕೊಂಡೆ. ತೋಳಿನ ಮೇಲಿದ್ದ ಬೆರಳುಗಳ ಗುರುತು ನಾನು ನೋಡಿದೆ ಮಗಳೇ. ನೋಡಿ, ಟೇಪು ಸಡಿಲ ಮಾಡಿ, ಅಂಕಿ ಬರೆದುಕೊಂಡೆ. ಜಾಗ ಇಲ್ಲ ಅಂದದ್ದು ಅದಾದ ಮೇಲೆ, ಎಲ್ಲ ಗೊತ್ತಿದ್ದೇ. ಅಳತೆ ತೆಗೆದ ಆ ದಿನವೇ, ಸುಡುಬೇಸಿಗೆಯಲ್ಲಿ ನೀನು, ‘ಇನ್ಮೇಲೆ ಎಲ್ಲಾ ಅಂಗಿಗೂ ತೋಳು ಮಣಿಕಟ್ಟಿನವರೆಗೆ ಇಡಮ್ಮ’ ಅಂದೆ. ಯಾಕೆ ಎಂದು ನಾನು ಕೇಳಲಿಲ್ಲ. ಆರು ಅಂಗಿ, ಆರಕ್ಕೂ ಉದ್ದ ತೋಳು ಹೊಲಿದುಕೊಟ್ಟೆ.